ದೀಪ ಹತ್ತಿದ ಕಾರು, ಏರು ಹತ್ತದ ಕಾರು

ಕಾಯಿಲೆ ಬಂದ ಮನುಷ್ಯನು ತನ್ನ ನೋವನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ. ಮೂಕಪ್ರಾಣಿಯಾದ ಎತ್ತು ಸಹ ಮೇವು ಬಿಟ್ಟು, ಕಿವಿ ಜೋಲಿಸಿ ನಿಂತು ತನ್ನ ಸಂಕಟವನ್ನು ಒಡೆಯನಿಗೆ ತಿಳಿಸುತ್ತದೆ. ಯಂತ್ರಕ್ಕೆ ಈ ಎರಡು ಸೌಕರ್ಯಗಳೂ ಬಹುಕಾಲ ಇರಲಿಲ್ಲ. ಹಿಂದಿನ ಕಾರುಗಳಲ್ಲಿ ಎಂಜಿನ್ನಿಗೆ ಏನಾದರೂ ಕೇಡಾಯಿತೆಂದರೆ ಅದರ ಸದ್ದು, ವಾಸನೆ, ಹೊಗೆ ಇವುಗಳಿಂದಲೇ ಬಲ್ಲವರು ಊಹಿಸಬೇಕಾಗಿತ್ತು. ಈಗಿನ ಕಾರುಗಳು ಹಾಗಲ್ಲ. ಅವುಗಳೊಳಗೆ ಪುಟ್ಟದೊಂದು ಕಂಪ್ಯೂಟರು ಕುಳಿತು ಎಂಜಿನ್ನಿನ ಉಸಿರಾಟವನ್ನು ಸದಾ ಗಮನಿಸುತ್ತಿರುತ್ತದೆ. ಲೆಕ್ಕಕ್ಕೆ ಮೀರಿದ ವ್ಯತ್ಯಾಸ ಕಂಡಾಗ ಚಾಲಕನ ಕಣ್ಣೆದುರಿಗೆ ಹಳದಿ ಬಣ್ಣದ ದೀಪವೊಂದನ್ನು ಹೊತ್ತಿಸುತ್ತದೆ. ಎಂಜಿನ್ನಿನ ಆಕೃತಿಯಲ್ಲಿರುವ ಈ ದೀಪವನ್ನೇ ಜನರು 'ಚೆಕ್ ಎಂಜಿನ್' ದೀಪವೆಂದು ಕರೆಯುವುದು. ಈ ದೀಪ ಹತ್ತಿ, ಅದರೊಡನೆಯೇ ಕಾರಿನ ಎಳೆತವೂ ಕುಗ್ಗಿದರೆ ಏನೆಂದು ತಿಳಿಯಬೇಕು, ಎಲ್ಲಿಂದ ಹುಡುಕಲು ತೊಡಗಬೇಕು ಎಂಬುದನ್ನು ನನ್ನ ಅಳವಿಗೆ ಎಟುಕಿದಷ್ಟು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಇತಿಹಾಸ, ಅರ್ಥಶಾಸ್ತ್ರ, ತರ್ಕಶಾಸ್ತ್ರಗಳನ್ನು ಓದುವ ಬಿ. ಎ. ವಿದ್ಯಾರ್ಥಿಗೆ ಎಂಜಿನ್ನಿನ ಗೊಡವೆ ಏಕೆಂದು ಅಧ್ಯಾಪಕ ಮಹಾಶಯರು ಕೇಳಬಹುದು. ಉತ್ತರ ಸರಳವಾಗಿದೆ. ನನ್ನ ತಂದೆಯವರು ಬಾಡಿಗೆ ಕಾರು ಓಡಿಸುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮೆಟ್ಟಿಲಿನವರೆಗೆ ನನ್ನನ್ನು ತಂದುಬಿಟ್ಟದ್ದು ಆ ಕಾರೇ. ಅದು ಒಂದು ದಿನ ನಿಂತರೆ ಆ ದಿನದ ಗಳಿಕೆ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ನಮ್ಮ ಸಹಪಾಠಿಗಳಲ್ಲಿ ಎಷ್ಟೋ ಮಂದಿಯ ಮನೆಯ ಅನ್ನ ಹೀಗೆಯೇ ಆಟೋ, ಕಾರು, ಗೂಡ್ಸ್ ಗಾಡಿಗಳ ಚಕ್ರದ ಮೇಲೆ ನಿಂತಿದೆಯೆಂಬುದನ್ನು ಬಲ್ಲೆ. ಆದುದರಿಂದ ಈ ವಿಷಯ ಕೇವಲ ಕುತೂಹಲದ್ದಲ್ಲ.

ಮೊದಲು ಈ ದೀಪ ಎಲ್ಲಿಂದ ಬಂತೆಂಬುದನ್ನು ನೋಡೋಣ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ೧೯೪೦ರ ದಶಕದಲ್ಲಿ ಕಣ್ಣುರಿಸುವ ಕಂದು ಮಬ್ಬೊಂದು ಮುತ್ತಿಕೊಂಡಿತು. ಅನಾನಸ್ ಹಣ್ಣಿನ ಪರಿಮಳವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು ಈ ಮಬ್ಬಿನ ಕಡೆಗೆ ಗಮನ ಹರಿಸಿ, ಕಾರುಗಳು ಮತ್ತು ತೈಲ ಕಾರ್ಖಾನೆಗಳು ಉಗುಳುವ ಅನಿಲಗಳ ಮೇಲೆ ಬಿಸಿಲು ಬಿದ್ದು ಅದು ಹುಟ್ಟುತ್ತದೆಂದು ೧೯೫೦ರ ದಶಕದ ಆದಿಯಲ್ಲಿ ತೋರಿಸಿಕೊಟ್ಟರು. ಮುಂದೆ ಕಾರಿನ ಹೊಗೆಗೆ ಕಟ್ಟುಪಾಡುಗಳು ಬಂದವು. ಹೊಸ ಕಾರು ಶುದ್ಧವಾಗಿದ್ದರೆ ಸಾಲದು, ಹಳತಾದ ಮೇಲೂ ಶುದ್ಧವಾಗಿರಬೇಕು. ಕೆಟ್ಟರೆ ಅದು ತಾನೇ ಹೇಳಬೇಕು ಎಂಬ ವಿಚಾರ ಹುಟ್ಟಿತು. ಕ್ಯಾಲಿಫೋರ್ನಿಯಾ ರಾಜ್ಯ ೧೯೮೮ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಇಂಥ ಸ್ವಯಂಪರೀಕ್ಷೆಯ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ೧೯೯೬ರಿಂದ ಇಡೀ ಅಮೆರಿಕದ ಕಾರುಗಳಿಗೆ ಒಂದೇ ಬಗೆಯ ಸಂಕೇತ, ಒಂದೇ ಬಗೆಯ ಹದಿನಾರು ಮೊಳೆಗಳ ಜೋಡಣೆ ಬಂತು. ನಮ್ಮ ದೇಶದಲ್ಲಿ ಇದರ ಮೊದಲ ಹಂತ ೨೦೧೦ರ ಏಪ್ರಿಲ್‌ನಿಂದ, ಎರಡನೆಯದು ೨೦೧೩ರ ಏಪ್ರಿಲ್‌ನಿಂದ ಜಾರಿಗೆ ಬಂದವು. ೨೦೨೦ರ ಏಪ್ರಿಲ್‌ನಲ್ಲಿ ಬಂದ ಭಾರತ್ ಸ್ಟೇಜ್ ಆರರ ನಿಯಮಗಳು ಹಿಡಿತವನ್ನು ಇನ್ನೂ ಬಿಗಿಗೊಳಿಸಿದವು.

ಈ ಇತಿಹಾಸವನ್ನು ಹೇಳಿದುದಕ್ಕೆ ಕಾರಣವಿದೆ. ದೀಪವು ಹುಟ್ಟಿದ್ದು ಗಾಳಿಯ ಶುದ್ಧಿಗಾಗಿಯೇ ಹೊರತು ಚಾಲಕನ ಸುಖಕ್ಕಾಗಿ ಅಲ್ಲ. ಪೆಟ್ರೋಲಿನ ಆವಿ ಹೊರಗೆ ಸೋರದಂತೆ ತಡೆಯುವ ಏರ್ಪಾಡಿನಲ್ಲಿ ಸಣ್ಣ ತೂತಾದರೂ ಕೆಲವು ಕಾರುಗಳಲ್ಲಿ ದೀಪ ಹತ್ತೀತು. ಆದರೆ ಎಳೆತದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಿಸದು. ಇನ್ನೊಂದೆಡೆ ಕ್ಲಚ್ಚು ಸವೆದು ಜಾರುತ್ತಿದ್ದರೆ ಕಾರು ಏರು ಹತ್ತಲಾರದು. ಆದರೆ ದೀಪ ಹತ್ತದು. ಹೀಗೆ ದೀಪ, ಎಳೆತ ಇವೆರಡೂ ಬೇರೆ ಬೇರೆ ಸಾಕ್ಷಿಗಳು. ಎರಡೂ ಒಟ್ಟಿಗೆ ಬಂದು ನಿಂತಾಗ ಮಾತ್ರ ನಮ್ಮ ಹುಡುಕಾಟದ ಕ್ಷೇತ್ರ ಕಿರಿದಾಗುತ್ತದೆ: ಕೇಡು ಎಂಜಿನ್ನಿನೊಳಗಿನ ದಹನಕ್ಕೆ ಸಂಬಂಧಿಸಿದ್ದೇ ಇರಬೇಕೆಂದು ಬಹುಮಟ್ಟಿಗೆ ಹೇಳಬಹುದು.

ದಹನವೆಂದರೇನು? ಅಡಿಗೆಯ ಒಲೆಗೂ ಎಂಜಿನ್ನಿಗೂ ಈ ವಿಷಯದಲ್ಲಿ ಭೇದವಿಲ್ಲ. ಒಲೆ ಉರಿಯಬೇಕಾದರೆ ಸೌದೆ ಬೇಕು, ಗಾಳಿ ಬೇಕು, ಕಿಡಿ ಬೇಕು, ಹೊಗೆ ಹೋಗಲು ದಾರಿ ಬೇಕು. ಎಂಜಿನ್ನಿಗೆ ಇವಲ್ಲದೆ, ಒಳಗೆಳೆದ ಮಿಶ್ರಣವನ್ನು ಸೋರಿಸದೆ ಬಿಗಿಯಾಗಿ ಅದುಮುವ ಶಕ್ತಿಯೂ ಬೇಕು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ೧೪.೭ ಕಿಲೋ ಗಾಳಿ ಅಗತ್ಯ. ಗಾಳಿಯನ್ನು ತೂಗಿ ನೋಡುವ ಅಭ್ಯಾಸ ನಮಗಿಲ್ಲವಾದ್ದರಿಂದ ಬೇರೆ ಮಾತಿನಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲು ಉರಿಯಲು ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ ಬೇಕು. ಗಾಳಿ ಶೋಧಿಸುವ ಕಾಗದದ ಫಿಲ್ಟರು ಧೂಳಿನಿಂದ ಕಟ್ಟಿಕೊಂಡರೆ ಕಾರು ಏಕೆ ಏದುಸಿರು ಬಿಡುತ್ತದೆಂಬುದು ಇಷ್ಟರಿಂದಲೇ ಅರ್ಥವಾಗುತ್ತದೆ.

ಈ ಗಾಳಿ ಎಷ್ಟು ಬಂತು, ಪೆಟ್ರೋಲು ಎಷ್ಟು ಬಿಡಬೇಕು ಎಂದು ಲೆಕ್ಕ ಹಾಕುವವನೇ ಕಂಪ್ಯೂಟರು. ಅವನಿಗೆ ಕಣ್ಣು ಕಿವಿಗಳಾಗಿ ಹಲವು ಸೆನ್ಸರುಗಳಿವೆ. ಒಂದು ಒಳಬರುವ ಗಾಳಿಯನ್ನು ಅಳೆಯುತ್ತದೆ. ಇನ್ನೊಂದು ಆಕ್ಸಿಲರೇಟರನ್ನು ಎಷ್ಟು ತುಳಿದಿದ್ದೇವೆಂದು ತಿಳಿಸುತ್ತದೆ. ಹೊಗೆಯ ಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸರು ಉರಿದ ಮೇಲೆ ಎಷ್ಟು ಆಮ್ಲಜನಕ ಉಳಿಯಿತೆಂದು ಹೇಳುತ್ತದೆ. ಆಮ್ಲಜನಕ ಹೆಚ್ಚಾಗಿ ಉಳಿದಿದ್ದರೆ ಪೆಟ್ರೋಲು ಸಾಲದಾಯಿತೆಂದು ಬಗೆದು ಕಂಪ್ಯೂಟರು ಒಂದಿಷ್ಟು ಹೆಚ್ಚಿಸುತ್ತದೆ, ಉಳಿಯದಿದ್ದರೆ ತಗ್ಗಿಸುತ್ತದೆ. ನಮ್ಮ ತಾಯಂದಿರು ಸಾರಿನ ರುಚಿ ನೋಡಿ ಉಪ್ಪು ಹಾಕುವಂತೆ ಈ ಕೆಲಸ ಎಡೆಬಿಡದೆ ನಡೆಯುತ್ತಿರುತ್ತದೆ. ಎಷ್ಟು ಉಪ್ಪು ಹಾಕಿದರೂ ಸಾರು ಸಪ್ಪೆಯೇ ಎಂದಾದಾಗ ಕಂಪ್ಯೂಟರು ಸೋಲೊಪ್ಪಿ ದೀಪ ಹೊತ್ತಿಸುತ್ತದೆ.

ಎಲ್ಲಕ್ಕಿಂತ ನನಗೆ ಸೋಜಿಗವೆನಿಸಿದ್ದು ಕಿಡಿ ತಪ್ಪುವುದನ್ನು ಅದು ಪತ್ತೆಹಚ್ಚುವ ರೀತಿ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ನೂರು ಸಲ ಒಳಗೆ ಸಿಡಿತವಾಗುತ್ತದೆ. ಪ್ರತಿಯೊಂದು ಸಿಡಿತವೂ ತಿರುಗುವ ದಂಡಕ್ಕೆ ಒಂದು ಪುಟ್ಟ ನೂಕು ಕೊಡುತ್ತದೆ. ನಾಲ್ವರು ಹೆಂಗಸರು ಒಂದೇ ಒರಳಿನ ಸುತ್ತ ನಿಂತು ಸರದಿಯಂತೆ ಒನಕೆ ಹಾಕುವಾಗ ಒಬ್ಬಳ ಪೆಟ್ಟು ತಪ್ಪಿದರೆ ಜಗಲಿಯಲ್ಲಿ ಕುಳಿತ ಅಜ್ಜಿಗೂ ಅದು ಗೊತ್ತಾಗುತ್ತದಷ್ಟೆ. ಹಾಗೆಯೇ ದಂಡದ ವೇಗದಲ್ಲಿ ಯಾವ ಘಳಿಗೆಯಲ್ಲಿ ಕುಂದು ಬಂತೆಂಬುದನ್ನು ನೋಡಿ, ನಾಲ್ವರಲ್ಲಿ ಯಾರ ಪೆಟ್ಟು ತಪ್ಪಿತೆಂದು ಕಂಪ್ಯೂಟರು ಹೆಸರಿಡಿದು ಹೇಳುತ್ತದೆ.

ಇನ್ನು ದೀಪದ ಭಾಷೆಗೆ ಬರೋಣ. ಕೀಲಿ ತಿರುವಿದೊಡನೆ ದೀಪ ಹತ್ತಿ, ಎಂಜಿನ್ನು ಹೊರಟ ಮೇಲೆ ಆರಿದರೆ ಅದು ಆರೋಗ್ಯದ ಚಿಹ್ನೆ. ದೀಪ ಸರಿಯಾಗಿದೆಯೆಂದು ತೋರಿಸುವ ಕ್ರಮ ಅದು. ಓಡುವಾಗ ದೀಪ ಹತ್ತಿ ಸ್ಥಿರವಾಗಿ ನಿಂತಿತೆಂದರೆ, ಕಾರಿನ ನಡಿಗೆಯಲ್ಲಿ ಬೇರೆ ತೊಂದರೆಯಿಲ್ಲದಿದ್ದಲ್ಲಿ, ಗಾಬರಿಗೆ ಕಾರಣವಿಲ್ಲ. ಬೇಗನೆ ಪರೀಕ್ಷೆ ಮಾಡಿಸಬೇಕು. ದೀಪ ಮಿನುಗತೊಡಗಿದರೆ ಮಾತ್ರ ಅದು ಎಚ್ಚರಿಕೆಯ ಗಂಟೆ. ಆಗ ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಹೊಗೆಯ ಕೊಳವೆ ಸೇರಿ, ಅಲ್ಲಿರುವ ಶುದ್ಧಿಯಂತ್ರದಲ್ಲಿ ಉರಿಯುತ್ತಿರುತ್ತದೆ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಮುಂತಾದ ಬೆಲೆಬಾಳುವ ಲೋಹಗಳನ್ನು ಸವರಿದ, ಜೇನುಗೂಡಿನಂಥ ಆ ಭಾಗ ಕಾವಿಗೆ ಕರಗಿಹೋಗಬಹುದು. ಅದರ ಬೆಲೆ ಬಡವನ ಕೈಗೆಟುಕುವಂಥದಲ್ಲ. ಆದುದರಿಂದ ದೀಪ ಮಿನುಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಕ್ಷೇಮವಾದ ಜಾಗದಲ್ಲಿ ನಿಲ್ಲಿಸುವುದೇ ಜಾಣತನ. ಎಣ್ಣೆಯ ಒತ್ತಡದ ಕೆಂಪು ದೀಪ, ಕಾವಿನ ಕೆಂಪು ದೀಪ ಇವು ಬೇರೆಯೇ; ಅವು ಹತ್ತಿದರೆ ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸಬೇಕು.

ದೀಪವನ್ನು ಹೊತ್ತಿಸುವಾಗ ಕಂಪ್ಯೂಟರು ಒಂದು ಸಂಕೇತವನ್ನೂ ಬರೆದಿಡುತ್ತದೆ. ಚಾಲಕನ ಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡಿನ ಕೆಳಗೆ ಹದಿನಾರು ಮೊಳೆಗಳ ಒಂದು ಜೋಡಣೆಯಿರುತ್ತದೆ. ಅದಕ್ಕೆ ಸಿಕ್ಕಿಸುವ ಪುಟ್ಟ ಸಲಕರಣೆಗಳು ಈಗ ಅಂಗಡಿಗಳಲ್ಲಿ ಸುಲಭ ಬೆಲೆಗೆ ದೊರೆಯುತ್ತವೆ. ಮೊಬೈಲಿನಲ್ಲಿಯೇ ಸಂಕೇತವನ್ನು ಓದಬಹುದು. 'ಪಿ' ಎಂಬ ಅಕ್ಷರದಿಂದ ಮೊದಲಾದರೆ ಅದು ಎಂಜಿನ್ನಿಗೂ ಗೇರುಪೆಟ್ಟಿಗೆಗೂ ಸಂಬಂಧಿಸಿದ್ದು. ಪಿ ೦೩೦೦ ಎಂದರೆ ಹಲವು ಸಿಲಿಂಡರುಗಳಲ್ಲಿ ಕ್ರಮವಿಲ್ಲದೆ ದಹನ ತಪ್ಪುತ್ತಿದೆ. ಪಿ ೦೩೦೧ ಎಂದರೆ ಒಂದನೆಯದರಲ್ಲಿ, ಪಿ ೦೩೦೨ ಎಂದರೆ ಎರಡನೆಯದರಲ್ಲಿ, ಹೀಗೆ ಮುಂದುವರಿಯುತ್ತದೆ. ಪಿ ೦೧೭೧ ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲ. ಪಿ ೦೪೨೦ ಎಂದರೆ ಶುದ್ಧಿಯಂತ್ರದ ಶಕ್ತಿ ಕುಂದಿದೆ. ದೀಪ ಹತ್ತಿದ ಕ್ಷಣದಲ್ಲಿ ಕಾರಿನ ವೇಗವೆಷ್ಟು, ಎಂಜಿನ್ನಿನ ಕಾವೆಷ್ಟು, ಭಾರವೆಷ್ಟು ಎಂಬ ವಿವರಗಳೂ ಅದರೊಡನೆ ಉಳಿದಿರುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವ ಉದಾಹರಣೆ ನಮ್ಮ ತರ್ಕಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಆದರೆ ಹೊಗೆಯಿಂದ ಬೆಂಕಿಯನ್ನು ಊಹಿಸಬಹುದೇ ಹೊರತು ಉರಿಯುತ್ತಿರುವ ಮರ ಯಾವುದೆಂದು ಹೇಳಲಾಗದು. ಸಂಕೇತವೂ ಹಾಗೆಯೇ. ಅದು ಕೆಟ್ಟಿರುವ ಲಕ್ಷಣವನ್ನು ಹೇಳುತ್ತದೆ; ಕೊಳ್ಳಬೇಕಾದ ಭಾಗದ ಹೆಸರನ್ನು ಹೇಳುವುದಿಲ್ಲ. ಪಿ ೦೧೭೧ ಬಂದೊಡನೆ ಆಮ್ಲಜನಕದ ಸೆನ್ಸರನ್ನು ಬದಲಿಸುವವರುಂಟು. ಜ್ವರ ಹೆಚ್ಚೆಂದು ತೋರಿಸಿದ ಥರ್ಮಾಮೀಟರನ್ನು ಎಸೆದು ಹೊಸದನ್ನು ತಂದರೆ ಜ್ವರ ಇಳಿಯುವುದೇ? ಗಾಳಿಯ ರಬ್ಬರು ಕೊಳವೆ ಎಲ್ಲಾದರೂ ಬಿರಿದು ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು. ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೊಳೆ ಕೂತಿರಬಹುದು. ಪೆಟ್ರೋಲಿನ ಪಂಪು ಸೋತಿರಬಹುದು. ಇವುಗಳಲ್ಲಿ ಯಾವುದು ನಿಜವೆಂದು ಬೇರ್ಪಡಿಸುವುದೇ ನಿಜವಾದ ಕೆಲಸ.

ಬೇರ್ಪಡಿಸುವುದು ಹೇಗೆಂಬುದಕ್ಕೆ ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಹೋದ ವರ್ಷ ಧರ್ಮಸ್ಥಳದಿಂದ ಯಾತ್ರಿಕರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಯನ್ನು ಹತ್ತುತ್ತಿದ್ದಾಗ ಕಾರು ಗಡಗಡನೆ ನಡುಗಿ, ಎಳೆತ ಬಿಟ್ಟು, ದೀಪ ಮಿನುಗತೊಡಗಿತು. ತಂದೆಯವರು ಕಾರನ್ನು ಬದಿಗೆ ನಿಲ್ಲಿಸಿ, ಯಾತ್ರಿಕರನ್ನು ಬೇರೆ ವಾಹನದಲ್ಲಿ ಕಳುಹಿಸಿಕೊಟ್ಟರು. ಆ ದಿನದ ಬಾಡಿಗೆ ಹಾಗೆ ಹೋಯಿತು. ಊರಿಗೆ ಎಳೆದು ತಂದ ಮೇಲೆ ಒಂದು ಗ್ಯಾರೇಜಿನವರು ಪೆಟ್ರೋಲಿನ ಪಂಪು ಕೆಟ್ಟಿದೆ, ಹದಿನಾಲ್ಕು ಸಾವಿರ ಬೇಕೆಂದರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಪಂಪು ಸೋತರೂ ಏರಿನಲ್ಲಿ ಎಳೆತ ಬಿಡುವುದು ನಿಜವೇ. ಆದರೆ ಆ ಹದಿನಾಲ್ಕು ಸಾವಿರ ನಮ್ಮ ಒಂದು ತಿಂಗಳ ಕಂತಿಗಿಂತ ಹೆಚ್ಚಿನ ಮೊತ್ತ. ನನ್ನ ಪರೀಕ್ಷಾ ಶುಲ್ಕವೂ ಅದೇ ತಿಂಗಳಲ್ಲಿ ಕಟ್ಟಬೇಕಾಗಿತ್ತು.

ಪರಿಚಯದ ಚಾಲಕರೊಬ್ಬರಿಂದ ಸಲಕರಣೆ ತಂದು ಓದಿದಾಗ ಪಿ ೦೩೦೩ ಎಂದು ಬಂತು, ಎಂದರೆ ಮೂರನೆಯ ಸಿಲಿಂಡರಿನಲ್ಲಿ ಮಾತ್ರ ದಹನ ತಪ್ಪುತ್ತಿದೆ. ಆಗ ತಂದೆಯವರೂ ನಾನೂ ಕುಳಿತು ಯೋಚಿಸಿದೆವು. ಪಂಪು ನಾಲ್ಕು ಸಿಲಿಂಡರುಗಳಿಗೂ ಒಂದೇ. ಕೆರೆಯ ತೂಬಿನಲ್ಲಿಯೇ ನೀರು ಕಡಿಮೆಯಾದರೆ ಎಲ್ಲರ ಗದ್ದೆಯೂ ಒಣಗಬೇಕು. ಒಬ್ಬನ ಗದ್ದೆ ಮಾತ್ರ ಒಣಗಿದ್ದರೆ ಕೇಡು ಅವನ ಕಾಲುವೆಯಲ್ಲಿ ಇರುವ ಸಂಭವವೇ ಹೆಚ್ಚು. ಮೂರನೆಯದಕ್ಕೆ ಮಾತ್ರ ಸೇರಿದವು ಯಾವುವು? ಅದರ ಸ್ಪಾರ್ಕ್ ಪ್ಲಗ್ಗು, ಅದರ ಮೇಲಿನ ಕಾಯಿಲು, ಅದರ ಪೆಟ್ರೋಲು ಸಿಂಪಡಿಸುವ ಇಂಜೆಕ್ಟರು, ಅದರ ಕವಾಟಗಳ ಬಿಗಿ. ಎಂಜಿನ್ನು ತಣ್ಣಗಾದ ಮೇಲೆ ತಂದೆಯವರು ಆ ಪ್ಲಗ್ಗನ್ನು ಬಿಚ್ಚಿದರು. ಅದರ ತುದಿ ಒದ್ದೆಯಾಗಿ ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು. ಎಂದರೆ ಪೆಟ್ರೋಲು ಬರುತ್ತಿದೆ, ಉರಿಯುತ್ತಿಲ್ಲ. ಸಂಶಯ ಕಿಡಿಯ ಕಡೆಗೆ ವಾಲಿತು.

ಜಾನ್ ಸ್ಟುಅರ್ಟ್ ಮಿಲ್ ೧೮೪೩ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ ಕಾರಣವನ್ನು ಕಂಡುಹಿಡಿಯುವ ಕೆಲವು ವಿಧಾನಗಳನ್ನು ಹೇಳಿದ್ದಾನೆ. ಮಿಕ್ಕೆಲ್ಲವನ್ನೂ ಇದ್ದಂತೆಯೇ ಇರಿಸಿ ಒಂದನ್ನು ಮಾತ್ರ ಬದಲಿಸಬೇಕು. ಆಗ ಫಲವೂ ಬದಲಾದರೆ, ಬದಲಿಸಿದ್ದಕ್ಕೂ ಫಲಕ್ಕೂ ಸಂಬಂಧವುಂಟು ಎಂಬುದು ಅವುಗಳಲ್ಲೊಂದರ ಸಾರಾಂಶ. ತರಗತಿಯಲ್ಲಿ ಇದನ್ನು ಕೇಳಿ ಬರೆದುಕೊಂಡಿದ್ದೆ. ತಂದೆಯವರು ಮಿಲ್ಲನ ಹೆಸರನ್ನು ಕೇಳಿದವರಲ್ಲ. ಆದರೂ ಅವರೇ ಮೂರನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೂ, ಎರಡನೆಯದನ್ನು ಮೂರನೆಯದರ ಜಾಗಕ್ಕೂ ಹಾಕಿದರು. ಪ್ಲಗ್ಗುಗಳನ್ನು ಅವು ಇದ್ದಲ್ಲಿಯೇ ಬಿಟ್ಟರು. ಹಳೆಯ ಸಂಕೇತವನ್ನು ಅಳಿಸಿ, ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರ ಮೆಲ್ಲಗೆ ಓಡಿಸಿ ಮತ್ತೆ ಓದಿದಾಗ ಪಿ ೦೩೦೨ ಎಂದು ಬಂತು. ರೋಗವು ಕಾಯಿಲಿನ ಬೆನ್ನು ಹತ್ತಿ ಎರಡನೆಯ ಸಿಲಿಂಡರಿಗೆ ಹೋಗಿತ್ತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ. ಹೊಸ ಕಾಯಿಲೊಂದು ಎರಡು ಸಾವಿರದೊಳಗೆ ಬಂತು. ಪ್ಲಗ್ಗುಗಳ ತುದಿ ಸವೆದು ಅಂತರ ಹೆಚ್ಚಾದಷ್ಟೂ ಕಿಡಿ ಹಾರಿಸಲು ಕಾಯಿಲು ಹೆಚ್ಚು ದುಡಿಯಬೇಕಾಗುವುದರಿಂದ, ಸವೆದಿದ್ದ ನಾಲ್ಕು ಪ್ಲಗ್ಗುಗಳನ್ನೂ ಬದಲಿಸಿದೆವು. ಪೆಟ್ರೋಲಿನ ಪಂಪು ಇಂದಿಗೂ ಹಳೆಯದೇ ಇದೆ.

ಎಲ್ಲ ಕಾರಿನ ಕಥೆಯೂ ಹೀಗೆಯೇ ಇರುವುದೆಂದು ಹೇಳಲಾರೆ. ಆದುದರಿಂದ ಹುಡುಕುವ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ ಎಂಬುದೇ ಇದರ ಸೂತ್ರ. ಮೊದಲನೆಯದಾಗಿ, ಸಂಕೇತವನ್ನು ಓದಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಅಳಿಸುವುದು ಆಮೇಲೆ. ಎರಡನೆಯದಾಗಿ, ಗಾಳಿಯ ಫಿಲ್ಟರು, ಬಿರಿದ ಕೊಳವೆ, ಸಡಿಲವಾದ ತಂತಿಯ ಜೋಡಣೆ, ಇಲಿ ಕಡಿದ ತಂತಿ ಇವುಗಳನ್ನು ಕಣ್ಣಿನಿಂದಲೇ ನೋಡಬೇಕು. ಹೊಲದ ಬದಿಯಲ್ಲಿ ನಿಲ್ಲುವ ಕಾರುಗಳಿಗೆ ಇಲಿಯ ಕಾಟ ಕಡಿಮೆಯಲ್ಲ. ಮೂರನೆಯದಾಗಿ, ಗಾಳಿಯ ಬಾಗಿಲಾದ ಥ್ರಾಟಲಿನಲ್ಲಿ ಮಸಿ ಕಟ್ಟಿದ್ದರೆ, ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೊಳೆಯಿದ್ದರೆ ಅದಕ್ಕೆಂದೇ ಬರುವ ದ್ರವದಿಂದ ಶುಚಿ ಮಾಡಿಸಬೇಕು. ನಾಲ್ಕನೆಯದಾಗಿ ಪ್ಲಗ್ಗು, ಕಾಯಿಲು. ಐದನೆಯದಾಗಿ ಪೆಟ್ರೋಲಿನ ಒತ್ತಡವನ್ನು ಮಾಪಕದಿಂದ ಅಳೆಸಬೇಕು. ಅಳೆಯದೆ ಪಂಪನ್ನು ಬದಲಿಸಬಾರದು. ಕೊನೆಯದಾಗಿ ಹೊಗೆಯ ದಾರಿ. ಶುದ್ಧಿಯಂತ್ರ ಕಟ್ಟಿಕೊಂಡಿದ್ದರೆ ಕಾರು ಹೊರಡುವಾಗ ಚೆನ್ನಾಗಿದ್ದು, ವೇಗ ಹೆಚ್ಚಿಸಿದಂತೆಲ್ಲ ಉಸಿರು ಕಟ್ಟಿದಂತಾಗುತ್ತದೆ.

ನಿಂತಾಗ ಪೆಟ್ರೋಲು ಸಾಲದೆಂದು ತೋರಿಸಿ, ವೇಗದಲ್ಲಿ ಸರಿಹೋದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆಯೆಂದೂ, ನಿಂತಾಗ ಸರಿಯಿದ್ದು ಏರಿನಲ್ಲಿ ಭಾರ ಬಿದ್ದಾಗ ಸಾಲದೆಂದು ತೋರಿಸಿದರೆ ಪಂಪು ಅಥವಾ ಪೆಟ್ರೋಲಿನ ಫಿಲ್ಟರಿನ ಕಡೆಗೆ ನೋಡಬೇಕೆಂದೂ ಬಲ್ಲವರು ಹೇಳುತ್ತಾರೆ. ಕೆಲವು ಸಲ ದೊಡ್ಡ ಅಪಾಯವನ್ನು ತಪ್ಪಿಸಲು ಕಂಪ್ಯೂಟರೇ ಎಂಜಿನ್ನಿನ ಶಕ್ತಿಯನ್ನು ಬೇಕೆಂದು ತಗ್ಗಿಸುವುದೂ ಉಂಟು; ಆಗ ಎಷ್ಟು ತುಳಿದರೂ ಕಾರು ಒಂದು ಮಿತಿಯನ್ನು ದಾಟದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಸಮುದ್ರಮಟ್ಟಕ್ಕಿಂತ ಸಾವಿರ ಮೀಟರು ಮೇಲೆ ಸಾಮಾನ್ಯ ಎಂಜಿನ್ನಿನ ಶಕ್ತಿ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುವುದು ಸಹಜ. ಅದು ರೋಗವಲ್ಲ; ದೀಪವೂ ಹತ್ತುವುದಿಲ್ಲ.

ಬ್ಯಾಟರಿಯ ತಂತಿ ಕಳಚಿ ದೀಪವನ್ನು ಆರಿಸಿ, ರಿಪೇರಿಯಾಯಿತೆಂದು ಹೇಳುವ ರೂಢಿ ಅಲ್ಲಲ್ಲಿ ಇದೆ. ಇದರಿಂದ ಕಂಪ್ಯೂಟರು ಕಲಿತುಕೊಂಡಿದ್ದ ಲೆಕ್ಕವೂ, ಬರೆದಿಟ್ಟ ಸಾಕ್ಷ್ಯವೂ ಅಳಿಸಿಹೋಗುತ್ತವೆ. ಕೇಡು ಇದ್ದಲ್ಲಿಯೇ ಇರುತ್ತದೆ. ಹಳೆಯ ಕಾರನ್ನು ಕೊಳ್ಳುವವರು ಈ ವಿಷಯದಲ್ಲಿ ಎಚ್ಚರ ವಹಿಸಬೇಕು: ಕೀಲಿ ತಿರುವಿದಾಗ ಆ ದೀಪ ಒಮ್ಮೆಯಾದರೂ ಹತ್ತುವುದೇ ಎಂದು ನೋಡಬೇಕು. ಹತ್ತದಿದ್ದರೆ ದೀಪವನ್ನೇ ಕಿತ್ತಿರಬಹುದು.

ವಿದ್ಯೆಯಿಂದ ಏನು ಪ್ರಯೋಜನವೆಂದು ನಮ್ಮಂಥವರ ಮನೆಗಳಲ್ಲಿ ಕೇಳುವುದು ಅಪರೂಪವಲ್ಲ. ಕೇಳುವುದು ತಪ್ಪೂ ಅಲ್ಲ. ನಾಲ್ಕು ಬೋಲ್ಟುಗಳನ್ನು ಬಿಚ್ಚುವ ಕೌಶಲ ನನಗೆ ಇಂದಿಗೂ ಬಂದಿಲ್ಲ. ಅದು ತಂದೆಯವರ ಕೈಯಲ್ಲಿದೆ. ಆದರೆ ಯಾರಾದರೂ ಇಂಥ ಭಾಗ ಕೆಟ್ಟಿದೆ ಎಂದಾಗ, ಅದು ನಿಮಗೆ ಯಾವುದರಿಂದ ತಿಳಿಯಿತು ಎಂದು ವಿನಯದಿಂದ ಕೇಳುವುದನ್ನು ಈ ಕಾಲೇಜಿನಲ್ಲಿ ಕಲಿತಿದ್ದೇನೆ. ಒಳ್ಳೆಯ ಮೆಕ್ಯಾನಿಕ್ಕನು ಈ ಪ್ರಶ್ನೆಗೆ ಸಂತೋಷದಿಂದಲೇ ಉತ್ತರ ಹೇಳುತ್ತಾನೆ. ಸಹಪಾಠಿಗಳ ಮನೆಯ ಕಾರಿನಲ್ಲಿ ಎಂದಾದರೂ ಆ ಹಳದಿ ದೀಪ ಹತ್ತಿದರೆ, ಹಣದ ಚೀಲಕ್ಕೆ ಕೈ ಹಾಕುವ ಮೊದಲು ಈ ಪ್ರಶ್ನೆಯನ್ನು ಕೇಳಲಿ ಎಂದು ಹಾರೈಸುತ್ತೇನೆ.